ನಗರಪಾಲಿಕೆಯ ಆರೋಗ್ಯಾಧಿಕಾರಿ ಹುದ್ದೆ: ಒಪ್ಪಿಕೊಳ್ಳಬೇಕೆ, ಬೇಡವೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದುಡಿದು, ಸೇವೆಯಲ್ಲಿದ್ದುಕೊಂಡೇ ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಮುಗಿಸಿದವಳು ನಾನು. ಒಂದು ಮಹಾನಗರ ಪಾಲಿಕೆಗೆ ಆರೋಗ್ಯಾಧಿಕಾರಿಯಾಗಿ ನಿಯೋಜನೆಯ ಮೇಲೆ ಹೋಗಲು ಒಪ್ಪಿಗೆಯಿದೆಯೇ ಎಂದು ಇಲಾಖೆಯಿಂದ ಕೇಳಿದ್ದಾರೆ. ಹತ್ತು ದಿನದೊಳಗೆ ಉತ್ತರ ಕೊಡಬೇಕು.

ಗೊತ್ತಿದ್ದವರನ್ನು ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಲ್ಲಿಗೆ ಹೋದರೆ ಕಸ, ಉದ್ದಿಮೆ ಪರವಾನಗಿ ಮತ್ತು ನಾಯಿಗಳ ದೂರು ಬಿಟ್ಟು ಬೇರೇನೂ ಕಾಣುವುದಿಲ್ಲ, ಓದಿದ ವಿದ್ಯೆ ಮರೆತುಹೋಗುತ್ತದೆ ಎಂದು ನಮ್ಮ ಮಾವನವರು ಹೇಳುತ್ತಾರೆ. ಅವರೂ ಸರ್ಕಾರಿ ಸೇವೆಯಲ್ಲಿದ್ದವರು. ಒಂದು ಇಡೀ ನಗರದ ಆರೋಗ್ಯದ ಹೊಣೆ ಹೊರುವ ಅವಕಾಶ ವೈದ್ಯರಿಗೆ ಎಷ್ಟು ಸಲ ಸಿಗುತ್ತದೆ ಎಂದು ನನ್ನ ಪ್ರಾಧ್ಯಾಪಕರು ಕೇಳುತ್ತಾರೆ. ಆ ಕುರ್ಚಿಯಲ್ಲಿ ಕೂತವರು ದಿನವಿಡೀ ನಿಜವಾಗಿ ಏನು ಮಾಡುತ್ತಾರೆ, ಅವರ ಕೈಯಲ್ಲಿ ಯಾವ ಅಧಿಕಾರವಿದೆ, ಯಾವುದಿಲ್ಲ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಹಳೆಯ ಆರೋಗ್ಯಾಧಿಕಾರಿ:
ಮೇಡಂ, ಆ ಹುದ್ದೆಯಲ್ಲಿ ಎರಡು ಅವಧಿಗಳಲ್ಲಿ ಒಟ್ಟು ಏಳು ವರ್ಷ ಇದ್ದು ನಿವೃತ್ತನಾದವನು ನಾನು. ಊರಿನ ಹೆಸರು ಹೇಳುವುದಿಲ್ಲ, ಕೆಲಸದ ಬಗ್ಗೆ ಹೇಳುತ್ತೇನೆ.

ನಿಮ್ಮ ಮಾವನವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಕಸ, ಪರವಾನಗಿ, ನಾಯಿ ಮೂರೂ ಬರುತ್ತವೆ. ಆದರೆ ಈ ಹುದ್ದೆಯ ತಿರುಳು ಇರುವುದು ಜನನ ಮರಣ ನೋಂದಣಿಯ ಕೋಣೆಯಲ್ಲಿ. 1969ರ ಕಾಯ್ದೆಯ ಪ್ರಕಾರ ಮರಣವನ್ನು 21 ದಿನದೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಸಂಭವಿಸಿದ ಮರಣಕ್ಕೆ ವೈದ್ಯರು ನಮೂನೆ 4ರಲ್ಲಿ, ಮನೆಯಲ್ಲಿ ಸಂಭವಿಸಿದ್ದಕ್ಕೆ 4ಎ ನಮೂನೆಯಲ್ಲಿ ಕಾರಣ ಬರೆದುಕೊಡಬೇಕು. ನಾನು ಅಧಿಕಾರ ವಹಿಸಿಕೊಂಡ ಮೊದಲ ವಾರ ಹಿಂದಿನ ತಿಂಗಳ ನಮೂನೆಗಳ ಕಟ್ಟನ್ನು ತರಿಸಿ ಒಂದೊಂದಾಗಿ ತಿರುವಿದೆ. ಹತ್ತರಲ್ಲಿ ಆರೇಳರ ಮೇಲೆ 'ಹೃದಯ ಮತ್ತು ಉಸಿರಾಟದ ಸ್ತಂಭನ' ಎಂದಷ್ಟೇ ಇತ್ತು. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ, ಅದು ಕಾರಣವಲ್ಲ. ಆ ಮನುಷ್ಯನಿಗೆ ಕ್ಷಯವಿತ್ತೆ, ಡೆಂಗಿಯಿತ್ತೆ, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಹೋಗಿತ್ತೆ ಎಂಬುದನ್ನು ಆ ಒಂದು ಸಾಲು ನುಂಗಿಹಾಕುತ್ತದೆ. ನಗರ ಯಾವುದರಿಂದ ಸಾಯುತ್ತಿದೆ ಎಂದು ತಿಳಿಯದೆ ಅದರ ಆರೋಗ್ಯ ನೋಡಿಕೊಳ್ಳುವುದು ಹೇಗೆ?

ಪ್ರತಿ ಶನಿವಾರ ಒಂದೊಂದು ಆಸ್ಪತ್ರೆಗೆ ಹೋಗಿ ಕಿರಿಯ ವೈದ್ಯರನ್ನು ಕೂರಿಸಿಕೊಂಡು ಆ ನಮೂನೆ ತುಂಬುವುದನ್ನು ಹೇಳಿಕೊಟ್ಟೆ. ನನ್ನ ಏಳು ವರ್ಷಗಳಲ್ಲಿ ಮಾಡಿದ ಅತ್ಯುತ್ತಮ ಕೆಲಸ ಅದೇ ಎಂದು ಈಗಲೂ ನಂಬಿದ್ದೇನೆ. ಪತ್ರಿಕೆಯಲ್ಲಿ ಅದರ ಬಗ್ಗೆ ಒಂದು ಸಾಲೂ ಬರಲಿಲ್ಲ.

ಬಡಾವಣೆ ನಿವಾಸಿ:
ಸರ್, ರಿಜಿಸ್ಟರ್ ಓದುವುದು ಒಳ್ಳೆಯದೇ ಇರಬಹುದು. ಆದರೆ ನಮ್ಮ ಬೀದಿಯಲ್ಲಿ ಮೂರು ಮನೆಯವರಿಗೆ ಡೆಂಗಿ ಬಂದಾಗ ಹೊಗೆ ಹಾಕಿಸಿ ಎಂದು ಕರೆ ಮಾಡಿ ಕರೆ ಮಾಡಿ ಸಾಕಾಯಿತು. ಜನರಿಗೆ ಬೇಕಾದುದು ಇಷ್ಟೇ, ಅದನ್ನೂ ಮಾಡದ ಅಧಿಕಾರಿ ಏತಕ್ಕೆ?

ಹಿರಿಯ ಪರಿವೀಕ್ಷಕ:
ನಿವಾಸಿಗಳೇ, ನಾನು ಆರೋಗ್ಯ ಪರಿವೀಕ್ಷಕ, ಇಪ್ಪತ್ತೆರಡು ವರ್ಷದ ಸೇವೆ. ಹೊಗೆ ಹಾಕಿದರೆ ಆ ಹೊತ್ತಿನಲ್ಲಿ ಹಾರಾಡುತ್ತಿರುವ ಸೊಳ್ಳೆ ಮಾತ್ರ ಸಾಯುತ್ತದೆ. ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಬೇಸಿಗೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು, ಆದ್ದರಿಂದ ಮುಂದಿನ ವಾರ ಅದೇ ಬೀದಿಯಲ್ಲಿ ಹೊಸ ಸೊಳ್ಳೆ. ಡೆಂಗಿಯ ಈಡಿಸ್ ಸೊಳ್ಳೆ ಚರಂಡಿಯಲ್ಲಿ ಅಲ್ಲ, ನಿಮ್ಮ ಮನೆಯ ಸಂಪು, ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆಗಳ ತಿಳಿನೀರಿನಲ್ಲಿ ಹುಟ್ಟುತ್ತದೆ. ಇದನ್ನು ಹೇಳಿದರೆ ಜನರಿಗೆ ಸಿಟ್ಟು ಬರುತ್ತದೆ, ಆದರೆ ಹೇಳಲೇಬೇಕು.

ಒಂದು ದಿನದ ಮಾತು ಹೇಳುತ್ತೇನೆ. ಮೂರಂತಸ್ತಿನ ಮನೆಯ ತಾರಸಿಯ ಮೇಲೆ ನೀಲಿ ಡ್ರಮ್ಮೊಂದಿತ್ತು, ಮೇಲೆ ಮುಚ್ಚಳವೂ ಇತ್ತು. ಮನೆಯ ಯಜಮಾನರು ಮುಚ್ಚಿದ್ದೇವಲ್ಲ ಎಂದು ತೆಗೆಯಲು ಬಿಡಲಿಲ್ಲ. ನಮ್ಮ ಜೊತೆ ಬಂದಿದ್ದ ಆರೋಗ್ಯಾಧಿಕಾರಿ ಮೇಡಂ ಮುಚ್ಚಳ ಸರಿಸಿ, ಬಿಳಿ ಸೌಟಿನಲ್ಲಿ ನೀರು ಎತ್ತಿ, ಟಾರ್ಚ್ ಹಿಡಿದು ಆ ಅಜ್ಜನ ಮುಂದೆ ಹಿಡಿದರು. ಅಲ್ಪವಿರಾಮದ ಚಿಹ್ನೆಯಂಥ ಮರಿಗಳು ಬೆಳಕಿಗೆ ಬೆದರಿ ಕೆಳಗಿಳಿಯುತ್ತಿದ್ದವು. ಅಜ್ಜ ಮೊಮ್ಮಗಳನ್ನು ಕೂಗಿ ಕರೆದು ತೋರಿಸಿದರು, ತಾವೇ ಡ್ರಮ್ಮನ್ನು ಬೋರಲು ಹಾಕಿದರು. ನಾವು ಅಷ್ಟು ವರ್ಷ ಹಂಚಿದ ಕರಪತ್ರಗಳು ಆ ಸೌಟಿನಷ್ಟು ಕೆಲಸ ಮಾಡಿರಲಿಲ್ಲ.

ತುಂಗಾತೀರ ಮೇಡಂ, ನೀವು ಬರುವುದಾದರೆ ವಾರಕ್ಕೆರಡು ಬೆಳಿಗ್ಗೆಯಾದರೂ ನಮ್ಮೊಂದಿಗೆ ಬನ್ನಿ. ಅಧಿಕಾರಿ ಬೀದಿಗೆ ಇಳಿಯುತ್ತಾರೆಂದು ಗೊತ್ತಾದರೆ ನಮ್ಮ ವರದಿಗಳೂ ಸತ್ಯವಾಗುತ್ತವೆ. ಇದನ್ನು ನಾನೇ ಒಪ್ಪಿಕೊಳ್ಳುತ್ತೇನೆ.

ಬಡಾವಣೆ ನಿವಾಸಿ:
ತಿಳಿಸಿದ್ದಕ್ಕೆ ಧನ್ಯವಾದ. ಆದರೆ ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ, ಅರ್ಧ ಕಟ್ಟಿ ಬಿಟ್ಟ ಕಟ್ಟಡದಲ್ಲಿ ನಿಂತ ನೀರಿಗೆ ಯಾರು ಹೊಣೆ?

ವಕೀಲರ ಕಚೇರಿ:
ಅದಕ್ಕೆ ಕಾನೂನಿದೆ. 2024ರಲ್ಲಿ ಡೆಂಗಿ ಹೆಚ್ಚಿದಾಗ ರಾಜ್ಯ ಸರ್ಕಾರ 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಅದನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟಲು ಎಡೆಗೊಟ್ಟವರಿಗೆ ದಂಡ ಗೊತ್ತುಮಾಡಿತು. ನಗರಗಳಲ್ಲಿ ಮನೆಗಳಿಗೆ 400 ರೂಪಾಯಿ, ವಾಣಿಜ್ಯ ಸ್ಥಳಗಳಿಗೆ 1,000 ರೂಪಾಯಿ, ಖಾಲಿ ನಿವೇಶನ ಮತ್ತು ನಿರ್ಮಾಣ ಸ್ಥಳಗಳಿಗೆ 2,000 ರೂಪಾಯಿ. ಕೋಟಿಗಟ್ಟಲೆ ಖರ್ಚಿನ ಕಟ್ಟಡ ಎಬ್ಬಿಸುವವರಿಗೆ 2,000 ರೂಪಾಯಿ ಒಂದು ದಂಡವೇ ಅಲ್ಲವೆಂಬುದು ನನ್ನ ಅಭಿಪ್ರಾಯ.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ಸಂವಿಧಾನದ 74ನೇ ತಿದ್ದುಪಡಿಯೊಂದಿಗೆ ಬಂದ 12ನೇ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆ ಪೌರಸಂಸ್ಥೆಗಳ ವಿಷಯವೆಂದು ಸ್ಪಷ್ಟವಾಗಿದೆ. 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯಲ್ಲೂ ಆರೋಗ್ಯದ ವಿಷಯಕ್ಕೆ ಸ್ಥಾಯಿ ಸಮಿತಿಯಿದೆ. ಆದರೆ ಕಾಗದದ ಮೇಲಿನ ಈ ಹೊಣೆಯ ಜೊತೆಗಿದ್ದ ಅಧಿಕಾರಗಳು ಒಂದೊಂದಾಗಿ ಬೇರೆಡೆಗೆ ಹೋಗಿವೆ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಕಾಲದಲ್ಲಿ ಪೌರಸಂಸ್ಥೆಯ ಆಹಾರ ನಿರೀಕ್ಷಕರೇ ಹೋಟೆಲಿಗೆ ಹೋಗಿ ಮಾದರಿ ತೆಗೆಯುತ್ತಿದ್ದರು. 2006ರ ಆಹಾರ ಸುರಕ್ಷತಾ ಕಾಯ್ದೆ 2011ರಲ್ಲಿ ಜಾರಿಗೆ ಬಂದ ಮೇಲೆ ಅದು ರಾಜ್ಯದ ಆಹಾರ ಸುರಕ್ಷತಾ ಆಯುಕ್ತರ ಕೆಳಗಿನ ಅಧಿಕಾರಿಗಳ ಪಾಲಾಯಿತು. ಬೆಂಗಳೂರಿನಲ್ಲಿ ಕುಡಿಯುವ ನೀರು ಮತ್ತು ಒಳಚರಂಡಿ 1964ರಿಂದಲೂ ಜಲಮಂಡಳಿಯದ್ದು, ಕಸಕ್ಕೂ ಈಗ ಪ್ರತ್ಯೇಕ ಕಂಪನಿಯಿದೆ. ನೀರು, ಅನ್ನ, ಕಸ ಮೂರೂ ಬೇರೆಯವರ ಕೈಯಲ್ಲಿದ್ದು ಕಾಯಿಲೆ ಮಾತ್ರ ಆರೋಗ್ಯಾಧಿಕಾರಿಯ ಪಾಲಿಗೆ ಉಳಿದಿದೆ. ಮೇಡಂ ಒಪ್ಪಿಗೆ ಕೊಡುವ ಮುನ್ನ ಇದನ್ನು ತಿಳಿದಿರಬೇಕು.

ಹಳೆಯ ಆರೋಗ್ಯಾಧಿಕಾರಿ:
ವಕೀಲರು ಹೇಳಿದ್ದು ಸರಿ. ನನ್ನ ಅನುಭವವೊಂದನ್ನು ಸೇರಿಸುತ್ತೇನೆ. ಒಂದು ಮಳೆಗಾಲದಲ್ಲಿ ಎರಡು ಅಡ್ಡರಸ್ತೆಗಳ ಮಕ್ಕಳಿಗೆ ವಾಂತಿಭೇದಿ ಶುರುವಾಯಿತು. ನಲ್ಲಿಯ ನೀರನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಕ್ಲೋರಿನ್ ಪರೀಕ್ಷೆಯ ದ್ರಾವಣದ ಹನಿ ಹಾಕಿದೆವು. ಕ್ಲೋರಿನ್ ಇದ್ದರೆ ನೀರು ಹಳದಿಯಾಗಬೇಕು. ಮೊದಲ ಮನೆಯಲ್ಲಿ ತಿಳಿಹಳದಿ, ನಾಲ್ಕನೆಯದರಲ್ಲಿ ಬರೀ ಬಣ್ಣದ ನೆರಳು, ಏಳನೆಯ ಮನೆಯಿಂದಾಚೆ ಏನೂ ಇಲ್ಲ. ಕೊಳವೆ ಒಡೆದು ಚರಂಡಿ ನೀರು ಸೇರುತ್ತಿದ್ದ ಜಾಗ ನಾಲ್ಕು ಮತ್ತು ಏಳರ ನಡುವೆ ಎಂಬುದು ಅಲ್ಲೇ ನಿಂತು ಗೊತ್ತಾಯಿತು. ಆದರೆ ರಸ್ತೆ ಅಗೆಸುವ ಅಧಿಕಾರ ನನಗಿರಲಿಲ್ಲ. ನೀರಿನ ವಿಭಾಗದವರು ಪತ್ರ ಬರೆಯಿರಿ ಎಂದರು. ಪತ್ರ ಬರೆಯಲಿಲ್ಲ, ಆ ಏಳು ನಳಿಕೆಗಳನ್ನು ಸಾಲಾಗಿ ಜೋಡಿಸಿಕೊಂಡು ಹೋಗಿ ಆಯುಕ್ತರ ಮೇಜಿನ ಮೇಲಿಟ್ಟೆ. ಸಂಜೆಗೆ ರಸ್ತೆ ಅಗೆದರು.

ಈ ಹುದ್ದೆಯಲ್ಲಿ ಕೆಲಸ ಆಗುವುದು ಹೀಗೆಯೇ. ಬೇರೆಯವರ ಕೈಯಲ್ಲಿರುವ ಅಧಿಕಾರವನ್ನು ಓಡಾಡಿಸುವಷ್ಟು ಗಟ್ಟಿಯಾದ ಸಾಕ್ಷ್ಯ ನಿಮ್ಮ ಕೈಯಲ್ಲಿರಬೇಕು.

ಅಡಯಾರ್ ಕನ್ನಡಿಗ:
ಚೆನ್ನೈನಲ್ಲಿ ಹದಿನೆಂಟು ವರ್ಷದಿಂದ ಇರುವವನು, ವೈದ್ಯಕೀಯ ಸಂಖ್ಯಾಶಾಸ್ತ್ರ ನನ್ನ ಕಸುಬು. ಅಧಿಕಾರವನ್ನು ಒಬ್ಬ ವ್ಯಕ್ತಿಯ ಜಾಣ್ಮೆಯ ಮೇಲೆ ಬಿಡಬಾರದು ಎಂಬುದು ನನ್ನ ವಾದ. ಇಲ್ಲಿ 1939ರಿಂದಲೇ ಸಾರ್ವಜನಿಕ ಆರೋಗ್ಯ ಕಾಯ್ದೆಯಿದೆ, ಆಸ್ಪತ್ರೆಯ ವೈದ್ಯರಿಂದ ಬೇರೆಯಾದ ಸಾರ್ವಜನಿಕ ಆರೋಗ್ಯ ಶ್ರೇಣಿಯೂ ನಿರ್ದೇಶನಾಲಯವೂ ಇವೆ. ಆ ಶ್ರೇಣಿಗೆ ಬಂದವರು ಸಾರ್ವಜನಿಕ ಆರೋಗ್ಯದ ಓದನ್ನು ಮುಗಿಸಿ, ಅದೇ ದಾರಿಯಲ್ಲಿ ಮೇಲೇರುತ್ತಾರೆ. ನಗರದ ಆರೋಗ್ಯಾಧಿಕಾರಿಯಾಗುವ ಹೊತ್ತಿಗೆ ಅವರು ನಾಲ್ಕಾರು ಸಾಂಕ್ರಾಮಿಕಗಳನ್ನು ಕಂಡಿರುತ್ತಾರೆ. ಕರ್ನಾಟಕದಲ್ಲಿ ನಿನ್ನೆಯವರೆಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರನ್ನು ಇಂದು ಈ ಕುರ್ಚಿಗೆ ತಂದು ಕೂರಿಸಿದ್ದನ್ನು ಕಂಡಿದ್ದೇನೆ. ಅವರ ತಪ್ಪಲ್ಲ, ಆದರೆ ನಗರಕ್ಕೆ ಅನ್ಯಾಯ.

ನೆನಪಿಗೆ ಬಂದದ್ದು: 1939ರಲ್ಲಿ ದಕ್ಷಿಣ ಕನ್ನಡವೂ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದುದರಿಂದ ಆ ಕಾಯ್ದೆ ನಮ್ಮ ನಾಡಿನ ಆ ಭಾಗಗಳಿಗೂ ಹೊರಗಿನದಾಗಿರಲಿಲ್ಲ.

ಹಿರಿಯ ಪರಿವೀಕ್ಷಕ:
ಶ್ರೇಣಿ ಇರಲಿ ಎಂದು ನಾನೂ ಹೇಳುತ್ತೇನೆ. ಆದರೆ ಶಸ್ತ್ರಚಿಕಿತ್ಸಕರಾಗಿದ್ದು ಬಂದ ಒಬ್ಬರು ಅತ್ಯುತ್ತಮ ಅಧಿಕಾರಿಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹಡ್ಸನ್ ತೀರ:
ನ್ಯೂಯಾರ್ಕ್‌ನಲ್ಲಿ ನೆಲೆಸಿರುವ ದಾವಣಗೆರೆಯವಳು ನಾನು. ಇಲ್ಲಿನ ನಗರ ಆರೋಗ್ಯ ಆಯುಕ್ತರ ಹುದ್ದೆಯ ಬಗ್ಗೆ ಹೇಳಿದರೆ ತುಂಗಾತೀರ ಅವರಿಗೆ ಉಪಯೋಗವಾದೀತು. 1947ರಲ್ಲಿ ಮೆಕ್ಸಿಕೋದಿಂದ ಬಂದ ಪ್ರಯಾಣಿಕನೊಬ್ಬನಿಂದ ಇಲ್ಲಿ ಸಿಡುಬು ಹರಡಲು ಶುರುವಾದಾಗ, ಆಗಿನ ಆಯುಕ್ತ ಇಸ್ರೇಲ್ ವೈನ್‌ಸ್ಟೈನ್ ವಿಷಯವನ್ನು ಮುಚ್ಚಿಡದೆ ಜನರ ಮುಂದಿಟ್ಟು, ಒಂದು ತಿಂಗಳೊಳಗೆ 60 ಲಕ್ಷಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಒಟ್ಟು 12 ಜನರಿಗೆ ಸೋಂಕು ತಗಲಿತು, ಇಬ್ಬರು ತೀರಿಕೊಂಡರು, ಅಲ್ಲಿಗೇ ನಿಂತಿತು.

2002ರಿಂದ 2009ರವರೆಗೆ ಆಯುಕ್ತರಾಗಿದ್ದ ಥಾಮಸ್ ಫ್ರೀಡನ್ ಅದಕ್ಕೆ ಮುಂಚೆ ಸುಮಾರು ಐದು ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಭಾರತದಲ್ಲಿದ್ದು, ನಮ್ಮ ಕ್ಷಯ ನಿಯಂತ್ರಣ ಕಾರ್ಯಕ್ರಮದಲ್ಲಿ ಕೆಲಸ ಮಾಡಿದವರು. ಅವರ ಅವಧಿಯಲ್ಲಿ ಹೋಟೆಲು, ಬಾರುಗಳಲ್ಲಿ ಹೊಗೆಸೊಪ್ಪು ನಿಂತಿತು. 2006ರಲ್ಲಿ ಇಲ್ಲಿನ ಆರೋಗ್ಯ ಮಂಡಳಿ ಹೋಟೆಲಿನ ಅಡುಗೆಯಲ್ಲಿ ಕೃತಕ ಟ್ರಾನ್ಸ್ ಕೊಬ್ಬನ್ನು ನಿಷೇಧಿಸಿತು. ಮುಂದೆ ಅವರು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ನಿರ್ದೇಶಕರಾದರು. ಈ ಮಂಡಳಿಗೆ ನಗರದ ಆರೋಗ್ಯ ಸಂಹಿತೆಯನ್ನು ತಾನೇ ತಿದ್ದುವ ಅಧಿಕಾರವಿದೆ, ಆಯುಕ್ತರೇ ಅದರ ಅಧ್ಯಕ್ಷರು. ನಮ್ಮಲ್ಲಿ ಇಲ್ಲದಿರುವುದು ಇದು.

ವಕೀಲರ ಕಚೇರಿ:
ಅಲ್ಲಿಯೂ ಮಿತಿಯಿದೆ ಎಂಬುದನ್ನು ಸೇರಿಸಬೇಕು. ದೊಡ್ಡ ಲೋಟದ ಸಕ್ಕರೆ ಪಾನೀಯಗಳ ಮಾರಾಟಕ್ಕೆ ಅದೇ ಮಂಡಳಿ 2012ರಲ್ಲಿ ಹಾಕಿದ ಕಡಿವಾಣವನ್ನು, ಅದು ಶಾಸನ ಮಾಡುವವರ ಕೆಲಸವೆಂದು ಹೇಳಿ 2014ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ ತಳ್ಳಿಹಾಕಿತು.

ಪೇಟೆ ಹುಡುಗ:
ನ್ಯೂಯಾರ್ಕಿನ ಕಥೆ ಕೇಳಲು ಚೆನ್ನಾಗಿದೆ, ಆದರೆ ಅಲ್ಲಿನ ದುಡ್ಡು, ಅಲ್ಲಿನ ಸಿಬ್ಬಂದಿ ನಮಗೆಲ್ಲಿದೆ? ನಮ್ಮ ಚರಿತ್ರೆಯನ್ನೇ ನೋಡೋಣ. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆಗ ಪೇಟೆಗೆ ಒಂದು ಪುರಸಭೆ, ಬ್ರಿಟಿಷರ ದಂಡು ಪ್ರದೇಶಕ್ಕೆ (ಕಂಟೋನ್ಮೆಂಟ್) ಇನ್ನೊಂದು, ಆಡಳಿತವೇ ಬೇರೆ ಬೇರೆ. ನಮ್ಮ ಮುತ್ತಜ್ಜಿಯ ಮನೆಯವರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಬಸವನಗುಡಿ, ಮಲ್ಲೇಶ್ವರಗಳ ಅಗಲ ರಸ್ತೆಗಳೂ ಮನೆಗಳ ಹಿಂದಿನ ಗಲ್ಲಿಗಳೂ ಆ ಕಾಲದ ಪಾಠದಿಂದ ಬಂದವು. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಎರಡು ಪುರಸಭೆಗಳು ಒಂದೇ ಕಾರ್ಪೊರೇಷನ್ ಆಗಲು 1949ರವರೆಗೆ ಕಾಯಬೇಕಾಯಿತು. ಈಗ 2025ರಲ್ಲಿ ಅದೇ ಊರು ಐದು ಪಾಲಿಕೆಗಳಾಗಿದೆ. ಆರೋಗ್ಯದ ಮಟ್ಟಿಗೆ ಇದು ಹಿಂದಕ್ಕೆ ಇಟ್ಟ ಹೆಜ್ಜೆಯೆಂದು ನನಗೆ ಅನ್ನಿಸುತ್ತದೆ.

ಅಡಯಾರ್ ಕನ್ನಡಿಗ:
ನಾನು ಒಪ್ಪುವುದಿಲ್ಲ. ಒಂದು ಕೋಟಿಗೂ ಮೀರಿದ ಜನರ ಊರಿಗೆ ಒಬ್ಬರೇ ಮುಖ್ಯ ಆರೋಗ್ಯಾಧಿಕಾರಿ ಇದ್ದಾಗ ಅವರು ಬೀದಿ ನೋಡುವುದು ಅಸಾಧ್ಯವಾಗಿತ್ತು. ಪಾಲಿಕೆ ಚಿಕ್ಕದಾದರೆ ಪರಿವೀಕ್ಷಕರು ಹೇಳಿದಂತೆ ಬೆಳಿಗ್ಗೆ ನಡೆದು ನೋಡಬಹುದು.

ಹಳೆಯ ಆರೋಗ್ಯಾಧಿಕಾರಿ:
ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಒಂದು ತೊಡಕನ್ನು ಯಾರೂ ಹೇಳಲಿಲ್ಲ. ಮರಣ ನೋಂದಣಿಯಾಗುವುದು ವ್ಯಕ್ತಿ ಬದುಕಿದ್ದ ಜಾಗದಲ್ಲಿ ಅಲ್ಲ, ಸತ್ತ ಜಾಗದಲ್ಲಿ. ದೊಡ್ಡ ಆಸ್ಪತ್ರೆಗಳೆಲ್ಲ ಒಂದು ಪಾಲಿಕೆಯ ವ್ಯಾಪ್ತಿಯಲ್ಲಿದ್ದರೆ, ಪಕ್ಕದ ಪಾಲಿಕೆಯ ಬಡಾವಣೆಯಲ್ಲಿ ಕಾಯಿಲೆ ಹಿಡಿದವರ ಸಾವೂ ಹೊರಜಿಲ್ಲೆಗಳಿಂದ ಬಂದವರ ಸಾವೂ ಅಲ್ಲಿಯೇ ದಾಖಲಾಗುತ್ತವೆ. ವಿಳಾಸದ ಕಲಮನ್ನು ಹಿಡಿದು ಪ್ರತಿ ವಾರ ಆ ಮಾಹಿತಿಯನ್ನು ಅವರವರ ಪಾಲಿಕೆಗೆ ಹಂಚುವ ವ್ಯವಸ್ಥೆ ಇಲ್ಲದಿದ್ದರೆ, ಬಡಾವಣೆಯ ಅಧಿಕಾರಿ ತನ್ನಲ್ಲಿ ಎಲ್ಲವೂ ಸುಖವಾಗಿದೆ ಎಂದುಕೊಂಡಿರುತ್ತಾರೆ. ಪಾಲಿಕೆ ಐದಾಗಲಿ ಹತ್ತಾಗಲಿ, ರೋಗದ ಲೆಕ್ಕ ಒಂದೇ ಮೇಜಿನ ಮೇಲೆ ಬರಬೇಕು.

ನೇತ್ರಾವತಿ:
ಮಂಗಳೂರಿನಿಂದ ಒಂದು ಮಾತು. 1990ರ ದಶಕದಲ್ಲಿ ಕಟ್ಟಡಗಳ ಭರಾಟೆಯೊಂದಿಗೆ ನಮ್ಮಲ್ಲಿ ಮಲೇರಿಯಾ ಹೆಚ್ಚಿತು. ಹೊರಗಿನಿಂದ ಬಂದ ಕಟ್ಟಡ ಕಾರ್ಮಿಕರನ್ನು ಜನ ದೂರಿದರು, ಆದರೆ ಸೊಳ್ಳೆ ಹುಟ್ಟುತ್ತಿದ್ದುದು ತಾರಸಿಯ ಟ್ಯಾಂಕುಗಳಲ್ಲಿ, ಬಾವಿಗಳಲ್ಲಿ, ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರಿನಲ್ಲಿ. 2015ರಲ್ಲಿ ಪ್ರಯೋಗಾಲಯದ ವರದಿಯನ್ನು ರೋಗಿಯ ವಿಳಾಸಕ್ಕೆ ಜೋಡಿಸುವ ತಂತ್ರಾಂಶ ಬಂತು. ಕಾರ್ಯಕರ್ತರು ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಆ ಮನೆಗೇ ಬರತೊಡಗಿದರು. ನನಗೆ ಜ್ವರ ಬಂದಾಗ ಬಂದ ಹುಡುಗ ಔಷಧಿ ನುಂಗಿದಿರಾ ಎಂದು ಕೇಳಿ, ಬಾವಿಗೆ ಇಣುಕಿ, ಪಕ್ಕದ ನಾಲ್ಕು ಮನೆಗಳಿಗೂ ಹೋದ. ಆರೋಗ್ಯಾಧಿಕಾರಿಯ ಮುಖವನ್ನು ನಾನು ನೋಡಿಲ್ಲ, ಆ ಹುಡುಗನನ್ನು ಮರೆತಿಲ್ಲ.

ಮಧ್ಯದಲ್ಲಿ ಬಿಟ್ಟವನು:
ಇಷ್ಟು ಹೊತ್ತು ಓದಿದೆ. ಎಲ್ಲರೂ ಒಳ್ಳೆಯದನ್ನೇ ಬರೆಯುತ್ತಿದ್ದೀರಿ, ಇನ್ನೊಂದು ಬದಿಯನ್ನು ನಾನು ಹೇಳಬೇಕಾಗಿದೆ. ನಾನು ಇಂಥದೇ ಹುದ್ದೆಯಲ್ಲಿ ಹದಿನಾಲ್ಕು ತಿಂಗಳಿದ್ದು ವಾಪಸು ಬಂದವನು. ಒಂದು ಕಲ್ಯಾಣ ಮಂಟಪದ ಅಡುಗೆಮನೆಯ ಕೊಳಕು ನೀರು ತೆರೆದ ಚರಂಡಿಗೆ ಹೋಗುತ್ತಿತ್ತೆಂದು ಪರವಾನಗಿ ನವೀಕರಣವನ್ನು ತಡೆದೆ. ಮೊದಲು ಫೋನು ಬಂತು, ಆಮೇಲೆ ಮನೆಗೆ ಜನ ಬಂದರು, ಕೊನೆಗೆ ವರ್ಗಾವಣೆಯ ಆದೇಶ ಬಂತು. ಮಾತೃ ಇಲಾಖೆಯವರು ಅವನು ಪಾಲಿಕೆಯವನು ಎಂದರು, ಪಾಲಿಕೆಯವರು ಅವನು ನಿಯೋಜನೆಯವನು ಎಂದರು. ಆ ಅವಧಿಯ ಕಾರ್ಯನಿರ್ವಹಣಾ ವರದಿಯನ್ನು ಯಾರು ಬರೆಯಬೇಕೆಂದು ಗೊತ್ತಾಗದೆ ನನ್ನ ಬಡ್ತಿ ಎರಡು ವರ್ಷ ನಿಂತಿತು. ಅಕ್ಕ, ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ನಿಯೋಜನೆಯ ಷರತ್ತುಗಳನ್ನು, ಅವಧಿಯನ್ನು, ಜ್ಯೇಷ್ಠತೆಯನ್ನು, ವರದಿ ಬರೆಯುವ ಅಧಿಕಾರಿ ಯಾರೆಂಬುದನ್ನು ಬರಹದಲ್ಲಿ ಪಡೆಯದೆ ಹೋಗಬೇಡಿ.

ಹಳೆಯ ಆರೋಗ್ಯಾಧಿಕಾರಿ:
ತಮ್ಮಾ, ನಿಮಗಾದದ್ದು ಅನ್ಯಾಯ. ನನ್ನ ಮೊದಲ ಅವಧಿಯೂ ಸುಮಾರಾಗಿ ಹೀಗೆಯೇ ಮುಗಿಯಿತು, ಅದನ್ನು ಮೇಲೆ ಬರೆಯಲಿಲ್ಲ, ಬರೆಯಬೇಕಿತ್ತು. ಎರಡನೆಯ ಬಾರಿ ಹೋದಾಗ ಪರವಾನಗಿಯ ಕಡತಗಳನ್ನು ನಾನೊಬ್ಬನೇ ನಿರ್ಧರಿಸುವುದನ್ನು ಬಿಟ್ಟು, ತಪಾಸಣೆಯ ಪಟ್ಟಿ ಮತ್ತು ಫೋಟೋಗಳನ್ನು ಸ್ಥಾಯಿ ಸಮಿತಿಯ ಮುಂದೆ ಇಟ್ಟು ನಡಾವಳಿಯಲ್ಲಿ ದಾಖಲಾಗುವಂತೆ ಮಾಡಿದೆ. ಒತ್ತಡ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ಪೇಟೆ ಹುಡುಗ:
1994ರ ಪ್ಲೇಗಿನ ನಂತರ ಸೂರತ್ ನಗರವನ್ನು ಬದಲಿಸಿದವರು ಆಯುಕ್ತರಾಗಿ ಬಂದ ಎಸ್.ಆರ್. ರಾವ್, ಆರೋಗ್ಯಾಧಿಕಾರಿಯಲ್ಲ. ಆಯುಕ್ತರ ಬೆಂಬಲ ಇಲ್ಲದಿದ್ದರೆ ಈ ಹುದ್ದೆಯಲ್ಲಿ ಎಷ್ಟು ಸಾಕ್ಷ್ಯ ಕೂಡಿಟ್ಟರೂ ಪ್ರಯೋಜನವಿಲ್ಲ.

ಹಿರಿಯ ಪರಿವೀಕ್ಷಕ:
ಆಯುಕ್ತರು ಎರಡು ವರ್ಷಕ್ಕೆ ಬದಲಾಗುತ್ತಾರೆ. ನಾವು, ಆಶಾ ಕಾರ್ಯಕರ್ತೆಯರು ಮತ್ತು ಪೌರಕಾರ್ಮಿಕರು ಇಲ್ಲೇ ಇರುತ್ತೇವೆ. ಸೂರತ್ತಿನ ಬೀದಿಯನ್ನು ಗುಡಿಸಿದವರು ಯಾರು ಎಂಬುದನ್ನೂ ಬರೆಯಿರಿ. ಹೊಸ ಅಧಿಕಾರಿ ಬಂದ ದಿನ ನಮ್ಮ ಕೈಗವಸು, ಬೂಟುಗಳ ದಾಸ್ತಾನು ನೋಡಿದರೆ ಅವರು ಎಂಥವರೆಂದು ನಮಗೆ ಗೊತ್ತಾಗಿಬಿಡುತ್ತದೆ.

ತುಂಗಾತೀರ:
ಎಲ್ಲರಿಗೂ ಕೃತಜ್ಞಳು. ಇಷ್ಟು ಮನಸ್ಸಿಟ್ಟು ಬರೆಯುತ್ತೀರೆಂದು ಎಣಿಸಿರಲಿಲ್ಲ. 'ಮಧ್ಯದಲ್ಲಿ ಬಿಟ್ಟವನು' ಬರೆದದ್ದನ್ನು ಮಾವನವರಿಗೆ ಓದಿ ಹೇಳಿದೆ; ಅವರೇ ಕೂತು ನಾಲ್ಕು ಷರತ್ತುಗಳ ಪತ್ರವನ್ನು ಬರೆದುಕೊಟ್ಟಿದ್ದಾರೆ. ಮೂರು ವರ್ಷದ ಅವಧಿಯೂ ವರದಿ ಬರೆಯುವ ಅಧಿಕಾರಿಯ ಹೆಸರೂ ಲಿಖಿತವಾಗಿ ಬಂದರೆ ಒಪ್ಪಿಗೆ ಕೊಡುತ್ತೇನೆ, ಬಾರದಿದ್ದರೆ ಇಲ್ಲ. ನಾಳೆ ಪತ್ರ ಸಲ್ಲಿಸುತ್ತೇನೆ.

ಹಳೆಯ ಆರೋಗ್ಯಾಧಿಕಾರಿಗಳಲ್ಲಿ ಒಂದು ಪ್ರಶ್ನೆ ಉಳಿದಿದೆ, ಸರ್. ಹೋಗುವುದಾದರೆ, ಮರಣದ ನಮೂನೆಗಳಲ್ಲಿ ಮೊದಲು ಯಾವುದನ್ನು ತೆಗೆಸಿ ನೋಡಲಿ?

ಹಳೆಯ ಆರೋಗ್ಯಾಧಿಕಾರಿ:
ಒಂದು ವರ್ಷದೊಳಗಿನ ಮಕ್ಕಳದ್ದು ಮತ್ತು ಹೆರಿಗೆಯ ಸುತ್ತಮುತ್ತ ತೀರಿಕೊಂಡ ತಾಯಂದಿರದ್ದು. ಹಿಂದಿನ ಹನ್ನೆರಡು ತಿಂಗಳದ್ದನ್ನು ಒಟ್ಟಿಗೆ ತರಿಸಿ, ವಿಳಾಸಗಳನ್ನು ವಾರ್ಡಿನ ನಕ್ಷೆಯ ಮೇಲೆ ನೀವೇ ಪೆನ್ಸಿಲಿನಲ್ಲಿ ಗುರುತಿಸಿ, ಬೇರೆಯವರಿಂದ ಮಾಡಿಸಬೇಡಿ. ಗುರುತುಗಳು ಎಲ್ಲಿ ಒತ್ತೊತ್ತಾಗಿವೆಯೋ, ಪರಿವೀಕ್ಷಕರನ್ನು ಕರೆದುಕೊಂಡು ಮರುದಿನ ಬೆಳಿಗ್ಗೆ ಆರು ಗಂಟೆಗೆ ಆ ಬೀದಿಗೆ ಹೋಗಿ. ಆ ಹೊತ್ತಿಗೆ ನಲ್ಲಿಯಲ್ಲಿ ನೀರು ಬರುತ್ತಿರುತ್ತದೆ, ಹೆಂಗಸರು ಹೊರಗಿರುತ್ತಾರೆ, ಕೇಳಿದರೆ ಎಲ್ಲವನ್ನೂ ಹೇಳುತ್ತಾರೆ.